ಕ್ಯಾಬಿನ್ ಹೋದ ಮೇಲೆ

ಭೇಲೂಪುರ, ವಾರಾಣಸಿ
೨೧ ನವೆಂಬರ್ ೧೯೭೬

ಚಿ. ಸೌ. ತಾರಾಳಿಗೆ ಅಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀಯಮ್ಮಾ? ಕಿವಿನೋವು ಕಡಿಮೆಯಾಯಿತೆ? ರಾಯಚೂರಿನ ಬಿಸಿಲು ಈಗಲಾದರೂ ಇಳಿದಿರಬೇಕು. ಅಳಿಯಂದಿರು ಮಹಾಂತಯ್ಯನವರು, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ನಾನು ಗಟ್ಟಿಯಾಗಿದ್ದೇನೆ, ಕೆಮ್ಮು ಮಾತ್ರ ಬಾಡಿಗೆ ಕೊಡದೆ ಎದೆಯಲ್ಲಿ ಬಿಡಾರ ಹೂಡಿದೆ.

‘ಕ್ಯಾಬಿನ್ನೇ ಹೋದ ಮೇಲೆ ಅಲ್ಲೇನಿದೆ, ನಮ್ಮಲ್ಲಿಗೆ ಬಂದುಬಿಡಪ್ಪಾ’ ಎಂದು ಬರೆದಿದ್ದೀಯ. ಹೋದದ್ದು ನಿಜ. ದಸರೆ ಕಳೆದ ಮೇಲೆ ಕೆಡವಿದರು. ಮೊದಲು ಇಲ್ಲಿ ಒಂದೇ ರೈಲು ಲೈನಿತ್ತಂತೆ. ಇನ್ನೊಂದು ಬಂದು ಕೂಡಿ ಜಂಕ್ಷನ್ ಆದಾಗ, ಯಾವ ಗಾಡಿಗೆ ಯಾವ ದಾರಿ ಎಂದು ಮೇಲಿನಿಂದ ನೋಡಿ ಹೇಳುವವನೊಬ್ಬ ಬೇಕೆಂದು ಆ ಎರಡಂತಸ್ತಿನ ಸಿಗ್ನಲ್ ಕ್ಯಾಬಿನ್ ಕಟ್ಟಿದರು. ಅಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದ ಚರಿತ್ರೆ ಇಷ್ಟೇ. ಈಗ ಸ್ಟೇಷನ್ನಿನ ಕೋಣೆಯಲ್ಲಿ ಗುಂಡಿ ಒತ್ತಿದರೆ ಸಾಕು, ಹಸಿರು ದೀಪ. ಕೆಡವಿದ ಕ್ಯಾಬಿನ್ನಿನ ಇಟ್ಟಿಗೆ ಒಯ್ದು ಚಹಾದವನು ಕಟ್ಟೆ ಕಟ್ಟಿಕೊಂಡಿದ್ದಾನೆ. ಸಂಜೆ ನಾನು ಅದರ ಮೇಲೆಯೇ ಕೂರುತ್ತೇನೆ. ‘ಕಾ ಗುರೂ, ಕಾ ದೇಖತ ಹೌವಾ?’ ಎನ್ನುತ್ತಾನೆ. ಏನು ನೋಡಲಿ? ಹಳೆಯ ಡ್ರೈವರುಗಳು ಅಭ್ಯಾಸಬಲದಿಂದ ಈಗಲೂ ಅಲ್ಲಿ ಸೀಟಿ ಹೊಡೆಯುತ್ತಾರೆ. ಬಾವುಟ ತೋರಿಸಲು ಯಾರೂ ಇಲ್ಲ. ಆಗ ಅಳು ಬರುತ್ತದೆ ತಾರಾ, ಸುಳ್ಳು ಯಾಕೆ ಹೇಳಲಿ.

ಕ್ಯಾಬಿನ್ನಿನಲ್ಲಿ ನಾನು ಹಳಿ ಬದಲಿಸಲು ಎಳೆಯುತ್ತಿದ್ದ ಆ ಲಿವರುಗಳ ಮೇಲಿನ ನಂಬರ್ ನೋಡಿಯೇ ಅಲ್ಲವೆ ನೀನು ಏಕ್ ದೋ ತೀನ್ ಕಲಿತದ್ದು? ಒಂದು ಎರಡು ಬರುವ ಮೊದಲೇ ಹಿಂದಿ ಬಂತೆಂದು ನಿನ್ನವ್ವ ಸಿಡುಕಿದ್ದಳು. ಅವಳು ಕ್ವಾರ್ಟರ್ಸಿನ ತಂತಿಯ ಮೇಲೆ ಕೆಂಪು ಸೀರೆ ಹರವಿದಳೆಂದರೆ ಊಟ ತಯಾರು. ನಾನು ತಡಮಾಡಿದರೆ, ‘ಗಾಡಿ ಕಾಯತಾವ, ರೊಟ್ಟಿ ಕಾಯಂಗಿಲ್ರಿ!’ ಈಗ ನಾನೇ ಬೇಯಿಸಿ, ನಾನೇ ಬಡಿಸಿಕೊಂಡು, ರುಚಿಯಿಲ್ಲವೆಂದು ನಾನೇ ಬೈದುಕೊಳ್ಳುತ್ತೇನೆ.

ಒಮ್ಮೆ ಮದುವೆ ದಿಬ್ಬಣವಿದ್ದ ಗಾಡಿಯನ್ನು ನಾನು ತಡೆದದ್ದೂ ನಿನಗೆ ನೆನಪಿರಬೇಕು. ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಟ್ಟಿರಲಿಲ್ಲ. ನಮ್ಮಲ್ಲಿ ಜಾಗವಿದೆ, ಕಳಿಸಿ ಎಂದು ಅವರು ಹೇಳದೆ ಯಾವ ಗಾಡಿಯನ್ನೂ ಬಿಡುವಂತಿಲ್ಲ. ವರನ ಸೋದರಮಾವ ಮೆಟ್ಟಿಲು ಹತ್ತಿ ಬಂದು, ಮುಹೂರ್ತ ಮೀರುತ್ತದೆಂದು ನನ್ನ ಕೊರಳಪಟ್ಟಿ ಹಿಡಿದ. ನಾನು ಸಿಗ್ನಲ್ ಕೊಡಲಿಲ್ಲ. ಊಟದ ಬುತ್ತಿ ತಂದಿದ್ದ ನೀನು ಮೂಲೆಯಲ್ಲಿ ನಿಂತು ಅತ್ತೆ. ಕರೆಯದ ಕಡೆಗೆ ಗಾಡಿ ನುಗ್ಗಿಸಿದರೆ ಇಬ್ಬರಿಗೂ ಕೇಡು ಮಗಳೇ ಎಂದು ಆಮೇಲೆ ಸಮಾಧಾನ ಹೇಳಿದ್ದೆ.

ಬರುವ ಮಾತು ಸದ್ಯಕ್ಕೆ ಬೇಡ. ಜನ ಕಾಶಿಗೆ ಬರಲು ಹಂಬಲಿಸುತ್ತಾರೆ, ಇಲ್ಲಿರುವವನು ಹೊರಡುವುದುಂಟೆ? ಮಗಳ ಮನೆಯಲ್ಲಿ ಮುದುಕ ಅಪ್ಪ ಕೂತು ಉಣ್ಣುವುದು ಚೆಂದವೂ ಅಲ್ಲ. ಚಳಿಗೆ ಮಠದವರು ಕಂಬಳಿ ಕೊಟ್ಟಿದ್ದಾರೆ. ನನ್ನ ಚಿಂತೆ ಬಿಡು.

ಅಳಿಯಂದಿರಿಗೆ ಶರಣು, ಮಕ್ಕಳಿಗೆ ಮುತ್ತು. ವಿಶ್ವನಾಥ ನಿಮ್ಮೆಲ್ಲರನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಗುರುಶಾಂತಯ್ಯ

ವಿ.ಸೂ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ತಾರಾ, ನೀನು ಬಾ ಎಂದು ಬರೆದ ಕಾಗದದಲ್ಲಿ ಅಳಿಯಂದಿರ ಅಕ್ಷರ ಒಂದೂ ಇರಲಿಲ್ಲ. ಅವರೂ ಒಂದು ಸಾಲು ಬರೆಯಲಿ. ಬಲವಂತ ಮಾಡಬೇಡ, ಅವರಾಗಿಯೇ ಬರೆಯಬೇಕು. ನನ್ನ ಟ್ರಂಕು ಆಗಲೇ ಕಟ್ಟಿಟ್ಟಿದ್ದೇನೆ.