ಅಪ್ಪನ ಮೈಗೆ ಹತ್ತಿದ ಕಬ್ಬಿಣ

ಟೈಲರ್ ಅಂಗಡಿಯಿಂದ
ಹನ್ನೆರಡನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆ, ಮಗು ಚೆನ್ನಾಗಿದ್ದಾರಾ? ನಿನ್ನ ಬೆರಳು ನೋವು ಹೇಗಿದೆ? ವಯಸ್ಸಾಯಿತು ಅಂತ ನಕ್ಕೆಯಲ್ಲ, ನಲವತ್ತಕ್ಕೇ ಯಾವ ಮುಪ್ಪು? ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಈ ಕಾಗದ.

ನನಗೂ ಅದೇ ಎರಡು ಬೆರಳು ಹಿಡಿದುಕೊಂಡು, ಅಪ್ಪನಿಗೆ ಆಗುತ್ತಿದ್ದ ಹಾಗೇ ಕತ್ತರಿ ಜಾರಿ ಬೀಳತೊಡಗಿತು. ಮೈಬಣ್ಣವೂ ಕಂದಿತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನನ್ನ ರಕ್ತ ಪರೀಕ್ಷಿಸಿ, ಅಪ್ಪನ ಹಳೇ ಚೀಟಿಗಳನ್ನೂ ತರಿಸಿ ನೋಡಿದರು. ಊಟದ ಕಬ್ಬಿಣದಲ್ಲಿ ಬೇಕಾದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಎಲ್ಲರ ಮೈಯೂ ಬಿಡುತ್ತದಂತೆ. ನಮ್ಮ ಮೈಗೆ ಸಾಕು ಅನ್ನುವುದೇ ಗೊತ್ತಿಲ್ಲ. ಇದು ಹುಟ್ಟಿನಿಂದ ಬಂದದ್ದು, ಅಪ್ಪನ ಕಡೆಯಿಂದಷ್ಟೇ ಅಲ್ಲ, ಅಮ್ಮನ ಕಡೆಯಿಂದಲೂ. ಬಂದರೂ ಎಷ್ಟೋ ಜನ ಏನೂ ಆಗದೆ ಬದುಕುತ್ತಾರಂತೆ. ಏನು ತಿನ್ನುತ್ತೇವೆ ಅನ್ನುವುದರ ಮೇಲೂ ಇದೆಯಂತೆ. ಅಪ್ಪನಿಗೆ ಸುಸ್ತು ಅಂತ ಅಮ್ಮ ಏನೆಲ್ಲ ಮಾಡಿದಳು, ನೆನಪಿದೆಯಾ? ವಾರಕ್ಕೆ ಮೂರು ದಿನ ಹುರಿದ ಕುರಿ ಲಿವರ್, ಎರಡು ಹೊತ್ತೂ ಕಬ್ಬಿಣದ ಟಾನಿಕ್, ಮೈಗೆ ಹತ್ತಲಿ ಅಂತ ಮೇಲೊಂದು ಲೋಟ ನಿಂಬೆ ಪಾನಕ. ಹನ್ನೊಂದು ವರ್ಷ. ಹತ್ತಿತು, ಅಪ್ಪನ ಲಿವರಿಗೇ ಹತ್ತಿತು.

ಲಿವರ್ ಹೋಗಿದೆ ಅಂದಕೂಡಲೇ ಊರೆಲ್ಲ ಕುಡಿತ ಅಂದಿತು. ಅಮ್ಮ ಬಟ್ಟೆ ರಾಶಿಯಲ್ಲಿ ಬಾಟಲಿ ಹುಡುಕಿದಳು. "ಒಂದು ತೊಟ್ಟೂ ಮುಟ್ಟಿಲ್ಲ ಕಣ್ರೋ" ಅಂತ ಅಪ್ಪ ಅತ್ತ. ಕುಡುಕನ ಮುಖ ನೋಡಲ್ಲ ಅಂತ ಹೋದ ನೀನು ಮಣ್ಣಿಗೂ ಬರಲಿಲ್ಲ. ನಾನೇನು ಸಾಚಾನಾ, ಮಲಗಿದ್ದವನ ಬಾಯಿ ಮೂಸಿ ನೋಡಿದವನು. ಅಪ್ಪ ನಿಜವನ್ನೇ ಹೇಳಿದ್ದ ಅಣ್ಣಾ.

ನನಗೆ ವಾರಕ್ಕೊಮ್ಮೆ ಒಂದು ಚೀಲ ರಕ್ತ ತೆಗೆಯುತ್ತಾರೆ, ನಮ್ಮನೆ ಸೊಳ್ಳೆಗಳಿಗೆ ಉಪವಾಸ. ಅದೇ ಚಿಕಿತ್ಸೆ. ನೀನು ನಾಳೆಯೇ ಪರೀಕ್ಷೆ ಮಾಡಿಸು. ಮಗುವಿನ ಬಗ್ಗೆಯೂ ಡಾಕ್ಟರನ್ನು ಕೇಳು. ಅಮ್ಮ ಕಳಿಸಿದ ಟಾನಿಕ್ ಮೋರಿಗೆ ಸುರಿ.

ಅತ್ತಿಗೆಗೆ ನಮಸ್ಕಾರ, ಮಗುವಿಗೆ ಮುತ್ತು.

ನಿನ್ನ ತಮ್ಮ,
ಮೊಂಡ

ತಡಿ, ಇನ್ನೊಂದು ಮಾತು. ನನ್ನ ಪಥ್ಯದ ಚೀಟಿ ನಿನ್ನೆ ಅಮ್ಮನ ಕೈಗೆ ಸಿಕ್ಕಿತು. "ಲಿವರ್ ಬೇಡ, ಟಾನಿಕ್ ಬೇಡ ಅಂತಿದೆಯಲ್ಲೋ, ಹಾಗಾದ್ರೆ ನಿಮ್ಮಪ್ಪನಿಗೆ ನಾನು..." ಅಂತ ಅಲ್ಲೇ ಕುಸಿದು ಕೂತಳು. ಅಪ್ಪ ಸತ್ತದ್ದು ಕುಡಿದೇ, ಬಾಟಲಿ ನಾನೇ ನೋಡಿದ್ದೆ ಅಂದುಬಿಟ್ಟೆ. ಅವಳಿಗೆ ಹೋದ ಉಸಿರು ಬಂತು. ನಿನ್ನನ್ನೂ ಕೇಳುತ್ತಾಳೆ. ಮೊದಲಿನ ಹಾಗೇ ಅಪ್ಪನನ್ನು ಬೈದುಬಿಡು.