ಒಬ್ಬೊಬ್ಬರದು ಒಂದೊಂದು ಸೂಚನೆ

ಶಾಸಕರ ವಸತಿಗೃಹ, ಎರಡನೇ ಮಹಡಿ
ಮಾರ್ಚ್ ಹನ್ನೊಂದು, ಮಂಗಳವಾರ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಕಡಿದು, ಸುಮ್ಮನೆ ಹತ್ತಿ ಇಳಿಯಬೇಡ ಎಂದು ಹೇಳಿ ಕಳಿಸಿದ್ದೆ. ನೀನು ಕೇಳಿರುವುದಿಲ್ಲ, ಅದು ನನಗೆ ಗೊತ್ತು. ಮಗಳ ಕಾಲಿನ ಬಾವು ಇಳಿಯಿತಾ? ಡಾಕ್ಟರು ಹೇಳಿದ ತಾರೀಕಿಗೆ ಇನ್ನೂ ಮೂರು ವಾರವಿದೆ ಎಂದು ಅಳಿಯ ಫೋನಿನಲ್ಲಿ ಹೇಳಿದ, ದನಿ ನಡುಗುತ್ತಿತ್ತು. ಹೆರುವವಳು ಅವಳು, ನಡುಗುವವನು ಇವನು. ಧೈರ್ಯ ಹೇಳು, ಜೊತೆಗೆ ಎರಡು ಬೈದರೂ ತಪ್ಪಿಲ್ಲ. ನಾನು ಚೆನ್ನಾಗಿದ್ದೇನೆ. ಅಂಗಿಯ ಗುಂಡಿ ಕಿತ್ತು ಬಂದಿದೆ, ಪಿನ್ನು ಹಾಕಿಕೊಂಡು ತಿರುಗುತ್ತಿದ್ದೇನೆ. ಫೋನಿನಲ್ಲೇ ಎಲ್ಲ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ. ಅದಕ್ಕೇ ಕಾಗದ. ಹೊರಡುವಾಗ ನೀನು, "ರೀ, ಆ ಸಭೇಲಿ ಯಾರ ಮೇಲೂ ಎಗರಾಡ್ಬೇಡಿ" ಅಂದಿದ್ದೆ. ಎಗರಾಡಿದೆ. ಪೇಪರಿನಲ್ಲಿ ಓದಿ ಉರಿದುಬೀಳಬೇಡ ಅಂತ ಮೊದಲೇ ಹೇಳಿಬಿಟ್ಟೆ.

ನಾನು ಅಧ್ಯಕ್ಷನಾಗಿರುವ ಸಮಿತಿಯ ಕೆಲಸ ನಿನಗೆ ಗೊತ್ತಲ್ಲ. ಸರ್ಕಾರದ ಇಲಾಖೆಗಳು ಕಂಪ್ಯೂಟರು ಗಿಂಪ್ಯೂಟರು ಎಂದು ದುಡ್ಡು ಕೇಳಿದರೆ, ಹಿಂದೆ ಕೊಟ್ಟದ್ದು ಏನಾಯಿತು ಎಂದು ನೋಡಿ, ಮುಂದಿನ ಕಂತು ಬಿಡುವುದೋ ಬೇಡವೋ ಹೇಳುವುದು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ಬಸ್ಸು ಓಡಿಸಿಕೊಂಡಿದ್ದವನನ್ನು ಅಲ್ಲಿ ಯಾಕೆ ಕೂರಿಸಿದರೋ, ಕೂರಿಸಿದವರನ್ನೇ ಕೇಳಬೇಕು. ಆಸ್ಪತ್ರೆ ಹಾಸಿಗೆಯ ಯೋಜನೆ ನೆನಪಿದೆಯಾ? ರೋಗಿ ಆಂಬುಲೆನ್ಸ್ ಹತ್ತಿದ ಕೂಡಲೇ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ಡ್ರೈವರನ ಕಣ್ಣೆದುರು ಪರದೆಯಲ್ಲಿ ಕಾಣಬೇಕು. ಇಷ್ಟೇ. ಮಗಳ ಮೊದಲ ಹೆರಿಗೆಯ ದಿನ ಮಟಮಟ ಮಧ್ಯಾಹ್ನ ಒಂದು ಬಾಗಿಲಲ್ಲಿ "ಜಾಗ ಇಲ್ಲ", ಇನ್ನೊಂದರಲ್ಲಿ "ಜಾಗ ಇಲ್ಲ", ಕೊನೆಗೆ ಮೂರನೇ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಮೊಮ್ಮಗ ಹುಟ್ಟಿದ್ದು ನೀನು ಮರೆತಿರಲಾರೆ. ಈ ಯೋಜನೆಗೆ ನಾನು ಕೈ ಎತ್ತಿದ್ದೇ ಆ ಬೆಂಚನ್ನು ನೆನೆದು.

ನಿನ್ನೆ ಇಲಾಖೆಯವರು ಮತ್ತೆ ಬಂದರು. ಎರಡು ಕಂತು ಮುಗಿದಿದೆ, ಕೆಲಸ ಮುಗಿದಿಲ್ಲ, ಮೂರನೆಯದು ಕೊಡಿ ಅಂತ. ನಿರ್ದೇಶಕಿ ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಮುಂದಿಟ್ಟ ನೀರು ಮುಟ್ಟದೆ ಕೂತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಮೇಜು ಗುದ್ದಿ, "ಏನಮ್ಮಾ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಿ, ಈಗ ಕುಲಾವಿಗೆ ಕುಚ್ಚು ಕಟ್ಸೋಕೆ ದುಡ್ಡಾ?" ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಸರ್, ಕೂಸು ಯಾವತ್ತೋ ಹುಟ್ಟಿರೋದು. ಪ್ರತಿ ಸಭೇಲೂ ನೀವೇ ಅದಕ್ಕೆ ಇನ್ನೊಂದು ಕೈ ಬೇಕು, ಇನ್ನೊಂದು ಕಾಲು ಬೇಕು ಅಂದ್ರಿ" ಅಂದಳು.

ನಮ್ಮ ಸಮಿತಿಯ ಒಂದು ಪದ್ಧತಿ ನಿನಗೆ ಹೇಳಿಲ್ಲ. ಸಭೆ ಏಳುವ ಮುಂಚೆ ಪ್ರತಿ ಸದಸ್ಯನೂ ಒಂದೊಂದು ಸೂಚನೆ ಕೊಡಬೇಕು. ಕೊಡದಿದ್ದರೆ ನಡಾವಳಿಯಲ್ಲಿ ಅವನು ಬಾಯಿಬಿಟ್ಟ ಗುರುತೇ ಇರುವುದಿಲ್ಲ. ಕ್ಷೇತ್ರದ ಜನ "ನಮ್ಮೋನು ಅಲ್ಲಿ ನಿದ್ದೆ ಹೊಡೀತಾನೆ" ಅಂತಾರೆ. ಹಾಗಾಗಿ ಬಾಯಿಗೆ ಬಂದದ್ದೊಂದು ಹೇಳಿ, ಟೀ ಕುಡಿದು, ಮರೆತು ಏಳುತ್ತೇವೆ. ಇಲಾಖೆಯವರು ಮಾತ್ರ ಅದನ್ನು ಆಜ್ಞೆ ಅಂದುಕೊಂಡು ಮಾಡಲು ಹೊರಡುತ್ತಾರೆ. ಡಾಕ್ಟರ್ ಸದಸ್ಯರು ರಕ್ತನಿಧಿಯನ್ನೂ ಸೇರಿಸಿ ಅಂದಿದ್ದರಂತೆ. ಲಾಯರಮ್ಮ, ರೋಗಿಗಳ ದೂರೂ ಅದರಲ್ಲೇ ಬರಲಿ ಅಂದಿದ್ದರಂತೆ. ಮೇಷ್ಟ್ರದು ಶಾಲೆಯ ಮಕ್ಕಳ ಚುಚ್ಚುಮದ್ದು. "ನಾನೇನಮ್ಮ ಹೇಳಿದ್ದೆ?" ಅಂತ ಕೇಳಿದೆ, ಕೇಳಬಾರದಿತ್ತು. "ಆಸ್ಪತ್ರೆ ಕ್ಯಾಂಟೀನಲ್ಲಿ ಇವತ್ತು ಏನು ಊಟ ಅಂತಾನೂ ತೋರಿಸ್ಬೇಕು ಅಂದಿದ್ರಿ ಸರ್. ಅದೊಂದಕ್ಕೇ ತಿಂಗಳುಗಟ್ಟಲೆ ಹಿಡೀತು." ಹಸಿದ ಹೊಟ್ಟೆಯಲ್ಲಿ ಹೇಳಿರಬೇಕು. ಕೋಪ ಬರಬೇಕಾದ ಜಾಗದಲ್ಲಿ ನಗು ಬಂತು ನೋಡು, ಕೆಮ್ಮು ಹತ್ತುವಷ್ಟು.

ಕತ್ತರಿ ಮಾತ್ರ ನಗಲಿಲ್ಲ. ಅವನು ಎದುರು ಪಕ್ಷದ ಹೊಸ ಸದಸ್ಯ. ಯಾವ ಖರ್ಚು ಕಂಡರೂ ಕತ್ತರಿಸಿ ಅನ್ನುವುದಕ್ಕೆ ನಾವಿಟ್ಟ ಹೆಸರು, ಕರೆದರೆ ಓಗೊಡುತ್ತಾನೆ ಕೂಡ. "ತಪ್ಪು ಯಾರದ್ದಾದ್ರೂ ಆಗ್ಲಿ, ಕೆಲಸ ಆಗಿಲ್ಲ. ನಿಲ್ಲಿಸ್ಬಿಡಿ, ಉಳಿದದ್ದು ಖಜಾನೆಗೆ ಹೋಗ್ಲಿ" ಅಂದ. ಅರ್ಧ ಜನ ತಲೆಯಾಡಿಸಿದರು. ನಿಂತರೆ ನಿಂತೇ ಹೋಯಿತು, ಇನ್ನು ನಮ್ಮ ಕಾಲಕ್ಕೆ ಯಾರೂ ಎತ್ತುವುದಿಲ್ಲ. ತಕ್ಷಣ ಅಂದೆ, "ನನ್ನ ಊಟದ ಸೂಚನೆ ಈಗ್ಲೇ ವಾಪಸ್. ನಿಮ್ನಿಮ್ಮದೂ ವಾಪಸ್ ತಗೊಳ್ಳಿ. ಹಾಸಿಗೆ ಒಂದೇ ಉಳೀಲಿ." ಅಯ್ಯೋ, ಹಲ್ಲು ಕಿತ್ತ ಹಾಗಾಯಿತು. ಮೇಷ್ಟ್ರಂತೂ "ಬೇರೆಯವ್ರದ್ದು ತೆಗೀರಿ, ಮಕ್ಕಳದ್ದು ಹೇಗ್ರೀ ತೆಗೆಯೋದು?" ಎಂದು ಹಠ ಹಿಡಿದರು. "ಮಕ್ಕಳು ಮೊದ್ಲು ಸರಿಯಾಗಿ ಹುಟ್ಲಿ ಮೇಷ್ಟ್ರೇ, ಚುಚ್ಚೋದು ಆಮೇಲೆ" ಅಂದೆ. ಕೊನೆಗೆ ಒಬ್ಬೊಬ್ಬರೂ ತಮ್ಮ ಬಾಯಲ್ಲೇ ತಮ್ಮದನ್ನು ಹಿಂತೆಗೆದುಕೊಂಡರು. ಕಂತನ್ನು ಎರಡು ಪಾಲು ಮಾಡಿದೆವು. ಅರ್ಧ ಈಗ. ಇನ್ನರ್ಧ, ಮೊದಲು ಶುರುವಾಗುವ ಊರಿಗೆ ಒಬ್ಬ ಸದಸ್ಯ ಹೇಳದೆ ಕೇಳದೆ ಹೋಗಿ, ಪರದೆ ಖಾಲಿ ಅಂದ ಹಾಸಿಗೆ ನಿಜಕ್ಕೂ ಖಾಲಿ ಇದೆಯಾ ಎಂದು ಕಣ್ಣಾರೆ ಕಂಡು ಬಂದ ಮೇಲೆ. ಅವನು ಇಲ್ಲ ಅಂದರೆ ಯೋಜನೆ ಅಲ್ಲಿಗೇ ಸಮಾಪ್ತಿ. ಇದಕ್ಕೆ ಕತ್ತರಿಯೂ ಕೈ ಎತ್ತಿದ. ಮೊದಲ ಸಲ ಯಾರೂ ಸೂಚನೆ ಕೊಡದೆ ಬರೀ ಟೀ ಕುಡಿದು ಎದ್ದೆವು. ನನಗೆ ಸಮಾಧಾನವಾಗಿದೆ ಮಾರಾಯ್ತಿ, ಹೊಟ್ಟೆತುಂಬ ಉಂಡ ಹಾಗಿದೆ.

ಮಗಳ ತಲೆ ಸವರಿ ಅಪ್ಪನ ಆಶೀರ್ವಾದ ಅನ್ನು. ಅಳಿಯನಿಗೂ ಒಂದು ಚೂರು ಕೊಡು. ಮೊಮ್ಮಗನನ್ನು ನನ್ನ ಪರವಾಗಿ ಒಂದು ಸಲ ಎತ್ತಿಕೋ. ಭಾರವಾಗಿದ್ದಾನೆ, ಮಂಡಿ ಜೋಕೆ.

ನಿನ್ನ,
ಇವರು

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಮೊದಲು ಶುರುವಾಗುವುದು ನೀವಿರುವ ಊರಿನ ಆಸ್ಪತ್ರೆಯಲ್ಲೇ, ಈ ತಿಂಗಳ ಕೊನೆಗೆ. ನಾನು ಆರಿಸಿದ್ದಲ್ಲ, ಇಲಾಖೆ ಮೊದಲೇ ಆರಿಸಿತ್ತು. ನೋಡಲು ಬರುವವನು ಕತ್ತರಿ. ಅವನನ್ನು ಕಳಿಸಿ ಅಂದದ್ದು ನಾನೇ. ನಮ್ಮವರು ಹೋದರೆ ಏನಿದ್ದರೂ ಚೆನ್ನಾಗಿದೆ ಅಂತಾರೆ, ಅವನು ಚೆನ್ನಾಗಿದೆ ಅಂದರೆ ಯಾರೂ ತಕರಾರು ತೆಗೆಯುವ ಹಾಗಿಲ್ಲ. ಅಷ್ಟರಲ್ಲಿ ಮಗಳು ಅಲ್ಲಿ ಸೇರಿದ್ದು, ಕುಳ್ಳಗೆ ಕನ್ನಡಕದವನೊಬ್ಬ ಬಂದು ವಿಚಾರಿಸಿದರೆ, ನೀನು ಯಾರ ಹೆಂಡತಿ ಅಂತ ಹೇಳಬೇಡ. ಹಾಸಿಗೆ ಸಿಕ್ಕಿದ್ದರೆ ಸಿಕ್ಕಿತು ಅನ್ನು. ಬಾಗಿಲಲ್ಲಿ ಕಾಯಿಸಿದ್ದರೆ ಕಾಯಿಸಿದರು ಅನ್ನು. ಗಂಡನ ಮರ್ಯಾದೆ ಉಳಿಯಲಿ ಅಂತ ನೀನು ಒಂದು ಸುಳ್ಳು ಹೇಳಿದರೆ, ನಾಳೆ ಯಾವನೋ ಡ್ರೈವರು ಅದೇ ಸುಳ್ಳನ್ನು ನಂಬಿಕೊಂಡು ಇನ್ಯಾರದೋ ಮಗಳನ್ನು ಅಲ್ಲಿಗೆ ಕರೆತರುತ್ತಾನೆ.