ಮೂರು ಹಿಡಿ ಪುಳ್ಳೆ

ಓಲ್ಡ್ ಲ್ಯಾಂಡಿಂಗ್, ಕೊಯುಕುಕ್ ನದಿ ದಂಡೆ
ಸೆಪ್ಟೆಂಬರ್ 13, 1983, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಮೊದಲು ಇದನ್ನೇ ಕೇಳಬೇಕೆಂದು ಅಪ್ಪನ ಆಜ್ಞೆ. ಕೇಳಿದೆನೋ ಇಲ್ಲವೋ ಎಂದು ಕುರ್ಚಿಯಿಂದ ಬಗ್ಗಿ ನೋಡಿದ. ನನ್ನ ಇರುವೆ ಅಕ್ಷರ ಅವನ ಕಣ್ಣಿಗೆ ಎಲ್ಲಿ ಕಾಣಬೇಕು? ಆದರೂ ಎಲ್ಲ ಓದಿ ಮುಗಿಸಿದವನ ಹಾಗೆ ತಲೆಯಾಡಿಸಿದ. ಕೆಳನದಿಯ ಗಾಳಿ ಮೂಳೆಗೇ ಇಳಿಯುತ್ತದಂತೆ, ದಿನಾ ಬೀವರ್ ಕೊಬ್ಬು ಹಚ್ಚಿ ಉಜ್ಜಿಕೊಳ್ಳಬೇಕಂತೆ, ನೀನು ಉಜ್ಜಿಕೊಳ್ಳುವುದಿಲ್ಲ ಎನ್ನುವುದೂ ಅವನಿಗೆ ಗೊತ್ತಂತೆ. ಭಾವ ಕ್ಷೇಮವೇ? ಇದನ್ನು ಕೇಳು ಎಂದು ಅಪ್ಪ ಹೇಳಲಿಲ್ಲ. ನಾನೇ ಕೇಳುತ್ತಿದ್ದೇನೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಹೊಗೆಮನೆಯ ತುಂಬ ಸಾಲ್ಮನ್ ಮೀನು ತೂಗುತ್ತಿದೆ, ನಾಯಿಗಳು ತಿಂದು ತಿಂದು ಸೋಮಾರಿಯಾಗಿವೆ. ಅಪ್ಪ ಕಿಟಕಿಯ ಹತ್ತಿರ ಕುಳಿತು ಬಲೆ ಸರಿಪಡಿಸುತ್ತಿದ್ದಾನೆ. ಬಲಗೈಯಲ್ಲಿ ಉಳಿದಿರುವ ಆ ಒಂದು ಹೆಬ್ಬೆರಳಿಗೆ ದಾರ ಸುತ್ತಿಕೊಂಡು, ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಬಿಗಿಯುತ್ತಾನೆ. ಕೊಡು, ನಾನು ಮಾಡುತ್ತೇನೆ ಎಂದರೆ, "ನೀನು ಹೆಣೆದ ಬಲೇಲಿ ಅಷ್ಟು ದೊಡ್ಡ ಮೂಸ್ ಕಡವೇನೇ ನುಸುಳಿ ಹೋಗ್ತದೆ, ಇನ್ನು ಮೀನು ನಿಲ್ತದಾ?" ಎನ್ನುತ್ತಾನೆ. ಎಡಗೈಯಲ್ಲಿ ಬರೆಯುವುದನ್ನೂ ಕಲಿತಿದ್ದಾನೆ. ಆದರೆ ಒಂದು ಸಾಲು ಮುಗಿಯುವುದರೊಳಗೆ ಒಂದು ಕೆಟಲ್ ಚಹಾ ಮುಗಿದಿರುತ್ತದೆ. ಹಾಗಾಗಿ ಅವನು ಹೇಳುವುದು, ನಾನು ಬರೆಯುವುದು. ಕೊನೆಗೆ ಪೂರ್ತಿ ಓದಿ ಹೇಳಬೇಕಂತೆ. ಓದದೆ ಲಕೋಟೆ ಅಂಟಿಸಕೂಡದು ಎಂದು ಆಗಲೇ ಎರಡು ಸಲ ಎಚ್ಚರಿಸಿದ್ದಾನೆ.

ವಿಷಯ ಏನೆಂದರೆ, ಅಪ್ಪನಿಗೆ ಮೇಲ್ನದಿಯ ನಮ್ಮ ಕಾಡುಮನೆಗೆ ಹೋಗಬೇಕಾಗಿದೆ. ನಾಲ್ಕು ದಿನಕ್ಕಲ್ಲ. ಈ ತಿಂಗಳ ಕೊನೆಗೆ, ನದಿ ಹೆಪ್ಪುಗಟ್ಟುವ ಮೊದಲು, ನಾಯಿ, ಬಂಡಿ, ಬಲೆ ಎಲ್ಲವನ್ನೂ ದೋಣಿಗೆ ತುಂಬಿಕೊಂಡು ಹೋಗುವುದು. ಕ್ರಿಸ್‌ಮಸ್ಸಿನ ಹೊತ್ತಿಗೆ ಗಟ್ಟಿಯಾದ ನದಿಯ ಮೇಲೆ ನಾಯಿಬಂಡಿಯಲ್ಲಿ ಮರಳುವುದು. ನಡುವಿನ ಹನ್ನೆರಡು ವಾರ ಕಾಡು ಕೊಟ್ಟದ್ದನ್ನು ತಿಂದುಕೊಂಡಿರುವುದು. ಇಷ್ಟು ಬರೆದದ್ದಕ್ಕೇ ಈಗ ಬೈಸಿಕೊಂಡೆ. ಬರೆಯುವಾಗ ಬಾಯಲ್ಲಿ ಗುಣುಗುವ ಚಾಳಿ ನನಗಿದೆಯಲ್ಲ, ಅವನಿಗೆ ಕೇಳಿಸಿಬಿಟ್ಟಿತು. "ಹೋಗ್ತೀವಿ, ತಿಂತೀವಿ ಅಂತೆಲ್ಲ ಬರೀತಾರೇನೋ ಗೂಬೆ? ಹೋಗಿ ನೋಡೋಣ, ಕೊಟ್ರೆ ತಿನ್ನೋಣ ಅಂತ ಬರಿ. ಮೂಸಿನ ಕಿವಿ ಎಷ್ಟುದ್ದ ಇದೆ ಅಂತ ಮರ್ತೋಯ್ತಾ?" ಆದ್ದರಿಂದ ಅಕ್ಕಾ, ಹೋಗಿ ನೋಡೋಣ. ಅಷ್ಟೇ. ಮೇಲೆ ಬರೆದ ಜಂಬದ ಮಾತನ್ನು ಕಾಡು ಮನ್ನಿಸಲಿ.

ಬೇಡ ಎನ್ನಲು ನನ್ನಿಂದಾಗಲಿಲ್ಲ. ಎಪ್ಪತ್ತನಾಲ್ಕು ಆಯಿತು ಅವನಿಗೆ. ಎರಡು ವರ್ಷದ ಹಿಂದೆ ಆ ನವೆಂಬರಿನಲ್ಲಿ ಆದದ್ದು ಆದಮೇಲೆ ಅವನು ಅತ್ತ ಕಾಲಿಟ್ಟಿಲ್ಲ. "ಬೆರಳು ಬಿಟ್ಟು ಬಂದ ಜಾಗಕ್ಕೆ ಕೈ ಒಂದ್ಸಲನಾದ್ರೂ ಹೋಗಿ ಬರಬೇಕು" ಎನ್ನುತ್ತಾನೆ. ನಗುತ್ತಲೇ ಹೇಳುತ್ತಾನೆ. ನನಗೆ ಮಾತ್ರ ನಗು ಬರುವುದಿಲ್ಲ.

ಸಾಮಾನಿನ ಪಟ್ಟಿ ಮಾಡಲು ನಿನ್ನೆ ಕುಳಿತೆವು, ಜಗಳದಲ್ಲಿ ಎದ್ದೆವು. ಹಿಟ್ಟು ಎರಡು ಮೂಟೆ ಎಂದು ನಾನು, ಒಂದೇ ಸಾಕು ಎಂದು ಅವನು. "ಅಂಗಡೀನೇ ಹೊತ್ಕೊಂಡು ಬಂದೋರಿಗೆ ಕಾಡು ಯಾಕಪ್ಪಾ ಉಣ್ಣೋಕಿಕ್ತದೆ?" ಎಂದ. ಒಂದು ಮೂಟೆಗೆ ಒಪ್ಪಿದೆ. ಉಪ್ಪು, ಚಹಾ, ಒಂದು ಡಬ್ಬ ಹಂದಿಕೊಬ್ಬು, ಮೊಲದ ಉರುಳಿಗೆ ತಂತಿ, ತೋಟಾ, ಮೇಣದಬತ್ತಿ. ಕಾಫಿ ನನಗೆ ಬೇಕು, ಅವನಿಗೆ ಬೇಡ, ಕದ್ದು ಇಟ್ಟುಕೊಳ್ಳುತ್ತೇನೆ. (ಇದನ್ನು ಓದಿ ಹೇಳುವಾಗ ಹಾರಿಸುತ್ತೇನೆ.) ಎಲ್ಲದಕ್ಕೂ ತಟಕ್ಕನೆ ಉತ್ತರ ಕೊಡುತ್ತಿದ್ದವನು, ಬೆಂಕಿಪೊಟ್ಟಣ ಎಷ್ಟು ಎಂದಾಗ ಮಾತ್ರ ಬಲೆಯನ್ನು ಕೆಳಗಿಟ್ಟ. "ಹತ್ತು" ಎಂದ. ಆಮೇಲೆ ದಾರವನ್ನು ಹೆಬ್ಬೆರಳಿಗೆ ಮತ್ತೆ ಸುತ್ತಿಕೊಳ್ಳುತ್ತ "ಇಪ್ಪತ್ತು ಬರ್ಕೋ" ಎಂದ. ನಾನು ಇಪ್ಪತ್ತು ಎಂದು ಬರೆದುಕೊಂಡೆ.

ನೀನು ಬರಬೇಕು. ಅದಕ್ಕೇ ಈ ಪತ್ರ. ಬಿಳಿಮೀನು ಸೀಳುವುದಕ್ಕೆ ನಿನ್ನ ಕೈಯೇ ಆಗಬೇಕಂತೆ, ನಾನು ಸೀಳಿದರೆ ಮೀನಿಗೆ ಅವಮಾನವಂತೆ. ನೀನು ಬಂದರೆ ಕೆಂಪು ಹುಳಿಹಣ್ಣು ಕೊಬ್ಬಿನಲ್ಲಿ ಕಲೆಸಿ ತಿನ್ನಬಹುದು ಎಂದು ಈಗಿನಿಂದಲೇ ಬಾಯಿ ಚಪ್ಪರಿಸುತ್ತಿದ್ದಾನೆ. ನನಗೂ ಆಸೆಯೇ. ಅಮ್ಮ ಹೋದ ವರ್ಷ ನನಗೆ ಆರು, ನಿನಗೆ ಹದಿನೇಳು. ಆ ಚಳಿಗಾಲವಿಡೀ ನನ್ನನ್ನು ಅದೇ ಕಾಡುಮನೆಯಲ್ಲಿ ಬೆನ್ನಿಗೆ ಅಂಟಿಸಿಕೊಂಡು ಸಾಕಿದವಳು ನೀನು. ಹೊರಡುವ ದಿನ ಒಲೆಯ ಪಕ್ಕ ಪುಳ್ಳೆ ಜೋಡಿಸಲು ಕಲಿಸಿದೆಯಲ್ಲ, ನೆನಪಿದೆಯಾ? ಮೂರು ಹಿಡಿ ಒಣ ಪುಳ್ಳೆ, ಅದರ ಮೇಲೆ ಬರ್ಚ್ ತೊಗಟೆ, ಮುಚ್ಚಳ ಬಿಗಿದ ಡಬ್ಬಿಯಲ್ಲಿ ಬೆಂಕಿಕಡ್ಡಿ. ನಾನು ದಪ್ಪ ದಪ್ಪ ತುಂಡು ಹಾಕಿ ಆಯಿತು ಎಂದೆ. ನೀನು ಬೈಯಲಿಲ್ಲ. ನನ್ನ ಕೈಗವಸು ಬಿಚ್ಚಿಸಿ, ಎರಡೂ ಅಂಗೈಗೆ ಹಿಮದ ಉಂಡೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದೆ. ಬೆರಳು ಮರಗಟ್ಟಿದ ಮೇಲೆ "ಈಗ ಹಚ್ಚೋ, ನೋಡೋಣ" ಎಂದೆ. ಕಡ್ಡಿ ಹಿಡಿಯಲೂ ಆಗದೆ ನಾನು ಅತ್ತೆ. "ಪುಳ್ಳೆ ಹಾಕೋದು ನಮಗಲ್ಲ ಪುಟ್ಟಾ, ಮುಂದೆ ಬರೋನ ಬೆರಳಿಗೆ" ಎಂದು ನನ್ನ ಕೈಯನ್ನು ನಿನ್ನ ಕಂಕುಳಲ್ಲಿ ಇಟ್ಟುಕೊಂಡೆ.

ಈಗ ಅಪ್ಪ ಹೇಳಿದ ಒಂದು ಮಾತನ್ನು ಬರೆಯಬೇಕು. ಒಂದು ಗಳಿಗೆಯಿಂದ ಪೆನ್ನು ಹಿಡಿದು ಕುಳಿತಿದ್ದೇನೆ, ಅವನು "ಬರೆದ್ಯಾ, ಬರೆದ್ಯಾ" ಎನ್ನುತ್ತಿದ್ದಾನೆ. ಅವನ ಮಾತಿನಲ್ಲೇ ಹಾಕುತ್ತೇನೆ. "ಅವಳೊಬ್ಬಳೇ ಬರಲಿ. ಆ ಕೆಳನದಿಯೋನು ಬೇಡ. ಕ್ರಿಸ್‌ಮಸ್ ತನಕ ಅವನು ಅವರಮ್ಮನ ಮನೇಲಿ ಸೀಲ್ ಎಣ್ಣೆ ಕುಡ್ಕೊಂಡು ಇರ್ಲಿ." ಅಕ್ಕಾ, ಕೋಪ ಮಾಡಿಕೊಳ್ಳಬೇಡ. ಆ ಸಲ ಕಾಡುಮನೆಯಲ್ಲಿ ಪುಳ್ಳೆಯೂ ಇಲ್ಲದೆ ಕಡ್ಡಿಯೂ ಇಲ್ಲದೆ ಹೋದದ್ದು ವಸಿಲಿ ಭಾವನಿಂದಲೇ ಎಂದು ಅವನು ಇವತ್ತಿಗೂ ನಂಬಿದ್ದಾನೆ. "ನಮ್ಮ ರಕ್ತದೋರು ಯಾರೂ ಒಲೆ ಖಾಲಿ ಬಿಟ್ಟು ಬರಲ್ಲ" ಎಂಬ ಒಂದೇ ಮಾತು. ಊರೂ ಅದನ್ನೇ ನಂಬಿತು. ಮರುವರ್ಷ ಮೂಸ್ ಹೊಡೆದಾಗ ನಿಮ್ಮ ಪಾಲನ್ನು ಯಾರೂ ತಪ್ಪಿಸಲಿಲ್ಲ ನಿಜ. ಆದರೆ ಬಾಗಿಲಲ್ಲಿ ಇಟ್ಟು ಹೋದರು, ಒಬ್ಬರೂ ಒಳಗೆ ಬಂದು ಚಹಾ ಕುಡಿಯಲಿಲ್ಲ. ನೀನು ಕೆಟಲ್ ಒಲೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತ ಕುಳಿತದ್ದು ನನಗೆ ಗೊತ್ತು. ಆ ವಸಂತದಲ್ಲಿ ನೀವು ದೋಣಿ ಹತ್ತಿದಾಗ ದಂಡೆಗೆ ಬಂದವರು ನಾನು ಮತ್ತು ನಾಯಿಗಳು ಮಾತ್ರ.

ಅಪ್ಪ ಇನ್ನೂ ಒಂದು ಮಾತು ಸೇರಿಸಿದ. ಈ ಸಲ ಹೊರಡುವ ದಿನ ಎಲ್ಲರೂ ಬಂಡಿ ಕಟ್ಟಿದ ಮೇಲೆ ಕೊನೆಗೆ ಕಾಡುಮನೆಯಿಂದ ಹೊರಬೀಳುವವನು ನಾನಂತೆ. "ಪುಳ್ಳೆ ಹಾಕೋದು ಎಲ್ಮರ್ ಕೆಲಸ ಅಂತ ಬರಿ. ಬೇರೆ ಯಾರ ಕೈನೂ ನಾನು ನಂಬಲ್ಲ." ಬರೆದಿದ್ದೇನೆ.

ಬರುವುದಾದರೆ ಮುಂದಿನ ವಾರದ ವಿಮಾನಕ್ಕೆ ಬಾ. ನಿನ್ನ ಮೀನುಚಾಕು ತಾ, ಇಲ್ಲಿಯದು ಮೊಂಡಾಗಿದೆ. ಅಪ್ಪನ ಆಶೀರ್ವಾದ ನಿನ್ನ ಮೇಲಿದೆ. ಮೊಣಕಾಲಿಗೆ ಪ್ರತ್ಯೇಕವಾಗಿ ಇನ್ನೊಂದು ಆಶೀರ್ವಾದವಂತೆ. ಭಾವನಿಗೆ ನನ್ನ ನಮಸ್ಕಾರ ಹೇಳು.

ನೀನು ಸಾಕಿದ ತಮ್ಮ,
ಎಲ್ಮರ್

ಮರೆತ ಮಾತು: ಮರೆತದ್ದೇನಲ್ಲ. ಅಪ್ಪ ನಾಯಿಗಳಿಗೆ ಮೀನು ಹಾಕಲು ಹೊರಗೆ ಹೋಗಿದ್ದಾನೆ, ಅಂಚೆ ವಿಮಾನಕ್ಕೆ ಇನ್ನು ಅರ್ಧ ಗಂಟೆ ಇದೆ. ಗುಣುಗದೆ, ತುಟಿ ಕಚ್ಚಿಕೊಂಡು ಬರೆಯುತ್ತಿದ್ದೇನೆ. ಒಲೆ ಖಾಲಿ ಬಿಟ್ಟು ಬಂದವನು ಭಾವನಲ್ಲ ಅಕ್ಕಾ. ನಾನು. ಕಾಡುಮನೆಯಲ್ಲಿ ನಾವಿಬ್ಬರೇ ಇದ್ದೆವಲ್ಲ, ನಾನು ಹೊರಡುವ ಹಿಂದಿನ ದಿನವೇ ಭಾವ ಸರೋವರದ ಸುತ್ತುದಾರಿ ಹಿಡಿದು, ಬೀವರ್ ಉರುಳು ಎತ್ತಿಕೊಂಡು ಬರುತ್ತೇನೆಂದು ಹೊರಟಿದ್ದ. ಹೊರಡುವ ಮೊದಲು ತೆಳ್ಳಗೆ, ನೀನು ಸೀಳಿದಷ್ಟು ತೆಳ್ಳಗೆ ಪುಳ್ಳೆ ಸೀಳಿ ಒಲೆಯ ಪಕ್ಕ ಜೋಡಿಸಿ, "ಇದು ಮುಟ್ಟಬೇಡ ಎಲ್ಮರ್, ನಾಳೆಗೆ ಬೇಕಾದ್ರೆ ಬೇರೆ ಸೀಳ್ಕೋ" ಎಂದಿದ್ದ. ಮರುದಿನ ಬೆಳಿಗ್ಗೆ ಚಳಿ ಎಂದು ನಾನು ಅದನ್ನೇ ಉರಿಸಿದೆ. ಹೊರಡುವಾಗ ಬೇರೆ ಹಾಕೋಣ ಎಂದುಕೊಂಡೆ. ಆ ಸಂಜೆ ಊರಿನಲ್ಲಿ ಪಿಟೀಲು ಕುಣಿತ ಇತ್ತಲ್ಲ, ಹೊತ್ತಾಗುತ್ತದೆ ಎಂದು ಹಾಕದೆಯೇ ಹೊರಟೆ. ನನ್ನ ಬೆಂಕಿಪೊಟ್ಟಣ ಮುಗಿದಿತ್ತು. ದಾರಿಯಲ್ಲಿ ಸಿಗರೇಟಿಗೆ ಬೇಕೆಂದು ಡಬ್ಬಿಯ ಕಡ್ಡಿಗಳನ್ನೂ ಜೇಬಿಗೆ ಸುರಿದುಕೊಂಡೆ. ನಾಳಿದ್ದು ಯಾರು ಬರುತ್ತಾರೆ ಎಂದುಕೊಂಡೆ. ಸುತ್ತುದಾರಿಯವನೂ ನೇರದಾರಿಯವನೂ ಊರು ಸೇರಿದ್ದು ಒಂದೇ ಸಂಜೆ, ಹಾಗಾಗಿ ಕೊನೆಗೆ ಹೊರಟವರು ಯಾರೆಂದು ನಮ್ಮಿಬ್ಬರಿಗೇ ಗೊತ್ತು.

ಮೂರನೆಯ ದಿನ ಅಪ್ಪ ಒಬ್ಬನೇ ಆ ಕಡೆ ಬಂದ. ಹಿಮದ ಅಡಿಯಲ್ಲಿ ಉಕ್ಕಿದ ನೀರಿಗೆ ಬಿದ್ದು, ಸೊಂಟದವರೆಗೆ ನೆನೆದು, ತನ್ನ ಕಡ್ಡಿಯೂ ನೆನೆದು, ಹೇಗಾದರೂ ಕಾಡುಮನೆ ಸೇರಿದರೆ ಬದುಕಿದೆ ಎಂದು ಓಡಿ ಬಂದ. ಹಲ್ಲಿನಲ್ಲಿ ತೋಟಾ ಬಿಚ್ಚಿ, ಕಿಟಕಿಯ ಚೌಕಟ್ಟು ಕಿತ್ತು, ಬಂದೂಕಿನಿಂದ ಬೆಂಕಿ ಹೊತ್ತಿಸುವಷ್ಟರಲ್ಲಿ ನಾಲ್ಕು ಬೆರಳು ಹೋಗಿದ್ದವು. ಊರಿಗೆ ಮರಳಿದ ಮೇಲೆ ಹಾಸಿಗೆಯಲ್ಲಿ ಮಲಗಿಕೊಂಡೇ "ಕೊನೆಗೆ ಹೊರಟೋರು ಯಾರು?" ಎಂದು ಕೇಳಿದ. ಭಾವ ನನ್ನ ಮುಖ ನೋಡಿದ. "ನಾನು ಮೊದಲು ಹೊರಟೆ" ಎಂದೆ. ಮೂರೇ ಪದ. ಭಾವ "ನಾನು ಪುಳ್ಳೆ ಹಾಕಿದ್ದೆ" ಎಂದ, ಅದರ ಮೇಲೆ ಒಂದು ಮಾತೂ ಆಡಲಿಲ್ಲ. ಇವತ್ತಿನವರೆಗೆ ನಿನಗೂ ಹೇಳಿಲ್ಲ. ಹೇಳಿದ್ದರೆ ನೀನು ಪ್ರತಿ ಚಳಿಗಾಲ ನನಗೆ ಕಾಲುಚೀಲ ಹೆಣೆದು ಕೊಡುತ್ತಿರಲಿಲ್ಲ. ಎರಡು ಜೊತೆಯೂ ಪೆಟ್ಟಿಗೆಯಲ್ಲಿವೆ, ಒಂದು ಸಲವೂ ಕಾಲಿಗೆ ಹಾಕಲು ಧೈರ್ಯ ಬಂದಿಲ್ಲ. ಮರುವರ್ಷ ನಿಮ್ಮ ಬಾಗಿಲಲ್ಲಿ ಮಾಂಸ ಇಟ್ಟು, ಚಹಾ ಕುಡಿಯದೆ ಓಡಿ ಹೋದವರಲ್ಲಿ ನಾನೂ ಒಬ್ಬ. ನಾಚಿಕೆಗೆ ಒಳಗೆ ಬರಲಾಗಲಿಲ್ಲ. ನೀನು ಅದನ್ನೂ ಭಾವನ ಮೇಲಿನ ಕೋಪ ಎಂದುಕೊಂಡಿರಬೇಕು.

ಇಷ್ಟು ದಿನ ಬಾಯಿ ಮುಚ್ಚಿಕೊಂಡು ಇರಬಹುದಿತ್ತು, ಇನ್ನೂ ಇರುತ್ತಿದ್ದೆನೇನೋ. ಬೇರೆ ಯಾರ ಕೈಯನ್ನೂ ನಂಬುವುದಿಲ್ಲ ಎಂದು ನನ್ನ ಕೈಯಲ್ಲೇ ಬರೆಸಿದನಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

ಅಪ್ಪನ ಹೆಜ್ಜೆ ಸದ್ದು ಕೇಳುತ್ತಿದೆ. ಒಳಗೆ ಬಂದು ಚಹಾ ಬಗ್ಗಿಸಿಕೊಂಡು "ಹ್ಞೂಂ, ಓದು" ಎನ್ನುತ್ತಾನೆ. ನನ್ನ ಸಹಿಗೇ ನಿಲ್ಲಿಸಿ ಮಡಚಿದರೆ ಅವನಿಗೆ ತಿಳಿಯುವುದಿಲ್ಲ. ನಿಲ್ಲಿಸುವುದಿಲ್ಲ, ಕಾಫಿಯ ಮಾತನ್ನೂ ಬಿಡುವುದಿಲ್ಲ. ಈ ಪತ್ರ ನಿನ್ನ ಕೈ ಸೇರಿದರೆ, ಕೊನೆಯವರೆಗೆ ಓದಿದ್ದೇನೆ ಎಂದು ತಿಳಿ.

ಮಗಳೇ. ಇದು ನನ್ನ ಎಡಗೈ. ಇವತ್ತಿನ ವಿಮಾನ ಹೋಯ್ತು, ಶುಕ್ರವಾರದ್ದಕ್ಕೆ ಹಾಕ್ತೀನಿ. ಅಳಿಯನ್ನ ಕರ್ಕೊಂಡು ಬಾ. ಬರಲ್ಲ ಅಂದ್ರೆ ನಾನೇ ಬಂದು ನಿಮ್ಮನೇಲಿ ಕೂತು ಚಹಾ ಕೇಳ್ತೀನಿ. ಎಲ್ಮರ್ ಹೊರಗೆ ಪುಳ್ಳೆ ಸೀಳ್ತಾ ಇದಾನೆ. ಸಾಕು ಅಂತ ಇನ್ನೂ ಹೇಳಿಲ್ಲ. ಅಪ್ಪ.